ನಾನೊಬ್ಬನೇ ಆಚರಿಸಿದ ವಿರಾಮ

ಸಾಗರದಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಎರಡು ವರ್ಷದ ಹಿಂದೆ ಕಾರ್ಗಲ್ಲಿನಿಂದ ಒಬ್ಬ ಹಿರಿಯರು ಹೊಸ ಕನ್ನಡಕ ಮಾಡಿಸಲು ಬಂದರು. ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರಿ ಮಾಡಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ, ವಿದ್ಯುತ್ ಯೋಜನೆಯಲ್ಲಿ ಎಂಜಿನಿಯರ್ ಆಗಿರುವ ಮಗಳ ಕ್ವಾರ್ಟರ್ಸಿಗೆ ಬಂದು ಉಳಿದಿದ್ದರು. ಶನಿವಾರ ಬಂದು ಒಯ್ಯಿರಿ ಎಂದೆ.

"ಶನಿವಾರ ಆಗಂಗಿಲ್ರಿ. ನಾವು ಯೆಹೂದಿಗಳು. ಅವತ್ತು ಕೊಡೂದು, ತಗೊಳ್ಳೂದು ಏನೂ ಮಾಡಂಗಿಲ್ಲ" ಎಂದರು.

ಯೆಹೂದಿಯೊಬ್ಬರನ್ನು ನಾನು ಕಂಡದ್ದು ಅದೇ ಮೊದಲು. ಅವರ ಪೂರ್ವಜರು ಕೊಂಕಣದ ಹಳ್ಳಿಗಳಲ್ಲಿ ಎಣ್ಣೆ ಗಾಣ ನಡೆಸುತ್ತಿದ್ದರಂತೆ. ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದರಂತೆ. ಆಮೇಲೆ ಅವರು ಪೇಟೆಗೆ ಬಂದಾಗಲೆಲ್ಲ ಅಂಗಡಿಯಲ್ಲಿ ಕೂತು ಮಾತಾಡುವುದು ರೂಢಿಯಾಯಿತು. ತಿನ್ನುವ ಪ್ರತಿ ತುತ್ತಿಗೂ ಕೃತಜ್ಞತೆ ಹೇಳುವುದು, ವಾರಕ್ಕೊಂದು ದಿನ ಜಗತ್ತನ್ನು ಅದರ ಪಾಡಿಗೆ ಬಿಟ್ಟು ಸುಮ್ಮನಿರುವುದು. ಹೀಗೆ ಅವರು ಹೇಳುತ್ತಿದ್ದುದೆಲ್ಲ ನಾಳೆಯೇ ಮಾಡಿ ನೋಡಬಹುದಾದಷ್ಟು ಹತ್ತಿರದ್ದು ಅನಿಸುತ್ತಿತ್ತು. ಪೂಜೆ, ವ್ರತ ಯಾವುದರಲ್ಲೂ ಮನಸ್ಸು ನಿಲ್ಲದ ನನಗೆ ಇದು ಹಿಡಿಸಿತು.

ಅವರ ವಿರಾಮ ಶುಕ್ರವಾರ ಸಂಜೆಯಿಂದ ಶನಿವಾರ ನಕ್ಷತ್ರ ಕಾಣುವವರೆಗೆ. ನನ್ನ ಅಂಗಡಿಗೆ ಭಾನುವಾರ ರಜೆ. ಹಾಗಾಗಿ ಶನಿವಾರ ದೀಪ ಹಚ್ಚುವ ಹೊತ್ತಿನಿಂದ ಭಾನುವಾರ ನಕ್ಷತ್ರ ಕಾಣುವವರೆಗೆ ನನ್ನ ವಿರಾಮ ಎಂದು ಗೊತ್ತುಮಾಡಿಕೊಂಡೆ. ಫೋನ್ ಆಫ್ ಮಾಡಿ ಬೀರುವಿನಲ್ಲಿಡುತ್ತಿದ್ದೆ. ಕೊಳ್ಳುವುದಿಲ್ಲ, ರಿಪೇರಿ ಮಾಡುವುದಿಲ್ಲ, ಒಲೆ ಹಚ್ಚುವುದಿಲ್ಲ. ಜಗಲಿಯಲ್ಲಿ ಕೂತು ಕಾಫಿಯನ್ನು ನಿಧಾನವಾಗಿ ಕುಡಿಯುತ್ತಿದ್ದೆ. ಆ ಕಾಫಿ ಮಾಡಿಕೊಡುತ್ತಿದ್ದವಳು ನನ್ನ ಹೆಂಡತಿ. ಅದು ನನಗೆ ಹೊಳೆಯಲೇ ಇಲ್ಲ.

ಒಂದು ಸಲ ಅವಳಿಗೆ, ಈ ವಿರಾಮದ ಬಗ್ಗೆ ಅವರ ಧರ್ಮಗ್ರಂಥದಲ್ಲಿರುವ ಆಜ್ಞೆಯನ್ನು ವಿವರಿಸಿದೆ. ಆ ದಿನ ನೀನು ಮಾತ್ರವಲ್ಲ, ನಿನ್ನ ಮಗ, ಮಗಳು, ಆಳು, ದನಕರು, ಮನೆಗೆ ಬಂದ ಪರಸ್ಥಳದವನು, ಯಾರೂ ದುಡಿಯಬಾರದು ಅಂತಿದೆ ಎಂದೆ. ಅವಳು ತೆಂಗಿನಕಾಯಿ ತುರಿಯುತ್ತಿದ್ದಳು.

"ಅಲ್ಲ ಮಾರಾಯ್ರೆ, ದನ ಸೈತ ಬಂತು. ಹೆಂಡ್ತಿ ಎಲ್ಲಿ?"

ಇಬ್ಬರೂ ನಕ್ಕೆವು. ನಾನು ಸ್ವಲ್ಪ ಜಾಸ್ತಿಯೇ ನಕ್ಕೆ.

ಹೋದ ವರ್ಷ ಮಳೆ ಹಿಡಿಯುವ ಮುಂಚೆ ಅವಳು ತೀರ್ಥಹಳ್ಳಿಯಲ್ಲಿರುವ ಅಕ್ಕನ ಮನೆಗೆ ಹೋಗಿ ಭಾನುವಾರ ವಾಪಸ್ಸು ಹೊರಟಿದ್ದಳು. ಹೊಸನಗರದಲ್ಲಿ ಬಸ್ಸಿಳಿಯುವಾಗ ಕಾಲು ಉಳುಕಿತು. ಊರಲು ಆಗದಷ್ಟು ನೋವು. ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ನನಗೆ ಫೋನ್ ಮಾಡಿದ್ದಾಳೆ. ಸ್ವಿಚ್ ಆಫ್. ಮತ್ತೆ ಮಾಡಿದ್ದಾಳೆ, ಮತ್ತದೇ. ಕೊನೆಗೆ ಪಕ್ಕದಲ್ಲಿ ಹೂವು ಮಾರುತ್ತಿದ್ದ ಹೆಂಗಸು ತೋಳು ಹಿಡಿದು ಸಾಗರದ ಬಸ್ಸು ಹತ್ತಿಸಿದ್ದಾಳೆ.

ಅದೇ ಹೊತ್ತಿನಲ್ಲಿ ನಾನು ಜಗಲಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದೆ. ಅಷ್ಟು ದಿನಗಳಲ್ಲಿ ಮನಸ್ಸು ಅಷ್ಟೊಂದು ಹಗುರಾದದ್ದು ಅವತ್ತೇ. ಈಗಲೂ ಅದನ್ನು ನೆನೆದರೆ ತಲೆ ತಗ್ಗುತ್ತದೆ.

ಆಟೋದಿಂದ ಅವಳು ಕುಂಟುತ್ತ ಇಳಿದದ್ದು ನೋಡಿ ಓಡಿದೆ. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ.

"ಎರಡ್ಮೂರು ಸಲ ಮಾಡ್ದೆ. ಆಮೇಲೆ ನೆನಪಾಯ್ತು, ನಿಮ್ದು ವ್ರತ ಅಲ್ದಾ ಅಂತ. ಸುಮ್ನಾದೆ" ಎಂದಳು.

ಕಾಲಿಗೆ ಎಣ್ಣೆ ಹಚ್ಚಿ ಮಲಗಿಸಿ, ಅವಳ ಚೀಲದ ಬಟ್ಟೆ ಒಳಗೆ ತೆಗೆದಿಟ್ಟು ಬರುವಷ್ಟರಲ್ಲಿ ಅವಳು ಅಡುಗೆಮನೆಯಲ್ಲಿದ್ದಳು. ಕಟ್ಟೆಗೆ ಒರಗಿ, ಒಂದೇ ಕಾಲಿನ ಮೇಲೆ ನಿಂತು ಅಕ್ಕಿ ತೊಳೆಯುತ್ತಿದ್ದಳು. ಬಿಡು, ನಾನು ಮಾಡ್ತೀನಿ ಎಂದೆ.

"ನಿಮ್ದು ಇನ್ನೂ ಮುಗ್ದಿಲ್ಲ ಅಲ್ದಾ? ನಕ್ಷತ್ರ ಬರ್ಲಿ."

ಚುಚ್ಚಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನಿಜವಾಗಿಯೂ ನನ್ನ ನಿಯಮ ಕಾಯುತ್ತಿದ್ದಳು. ಪಾತ್ರೆ ಕಸಿದುಕೊಂಡು ಒಲೆ ಹಚ್ಚಿದೆ. ಅನ್ನ ತಳ ಹಿಡಿಯಿತು. ಅವಳು ಅದನ್ನೇ ಉಂಡಳು.

ಆ ವಾರ ಅಂಗಡಿ ಬಾಗಿಲು ಹಾಕಿಕೊಂಡು ಕಾರ್ಗಲ್ಲಿಗೆ ಹೋಗಿ ಹಿರಿಯರಿಗೆ ಎಲ್ಲ ಹೇಳಿದೆ.

"ಯಾರಿಗರ ಅಪಾಯ ಆದ್ರ ಎಲ್ಲಾ ನಿಯಮ ಬದಿಗಿಡ್ರಿ ಅಂತನ ಐತಿ ನಮ್ಮಲ್ಲಿ. ಅದನ್ನ ಮೊದಲ ಹೇಳಬೇಕಿತ್ತು ನಾನು" ಎಂದರು.

ಆಜ್ಞೆಯಲ್ಲಿ ಹೆಂಡತಿ ಎಲ್ಲಿ ಎಂಬ ನನ್ನವಳ ಪ್ರಶ್ನೆಯನ್ನೂ ಕೇಳಿದೆ.

"'ನೀನು' ಅಂದ್ರ ಗಂಡ ಹೆಂಡ್ತಿ ಇಬ್ರೂ ಅಂತ ತಿಳಿದವರು ಹೇಳ್ತಾರ್ರಿ. ಆದ್ರ ನಮ್ಮನ್ಯಾಗ ಏನಾಗ್ತಿತ್ತು? ನಾನು ನೆಮ್ಮದೀಲೆ ಕೂಡ್ಲಿ ಅಂತ ಅಕಿ ಶುಕ್ರವಾರ ಸಂಜೀತನಕ ಒಲಿ ಮುಂದ ಬೇಯ್ತಿದ್ಲು. ನಾನು ಒಂದು ಉಳ್ಳಾಗಡ್ಡಿ ಹೆಚ್ಚಿ ಕೊಟ್ಟಾಂವ ಅಲ್ಲ." ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. "ಮನುಷ್ಯಾರಿಗೆ ಮಾಡಿದ ತಪ್ಪು ದೇವ್ರು ಮಾಫಿ ಮಾಡಂಗಿಲ್ಲಂತ. ಅವರನ್ನ ಕೇಳಬೇಕಂತ. ನನಗ ಕೇಳಾಕ ಅಕಿ ಇಲ್ಲ. ನಿಮಗ ಅದಾಳ, ಹೋಗ್ರಿ."

ಮನೆಗೆ ಬಂದು ಕೇಳಿದೆ. ಮಾತು ತಡವರಿಸಿತು. ಬಸ್ ಸ್ಟ್ಯಾಂಡಿನ ಸಂಗತಿ ಒಂದೇ ಅಲ್ಲ, ಅಷ್ಟೂ ಭಾನುವಾರಗಳ ಬಗ್ಗೆ ಹೇಳಿದೆ. ಅವಳಿಗೆ ಮುಜುಗರವಾಯಿತು. "ಎಂತಕ್ಕೆ ಅದೆಲ್ಲ ಈಗ? ಏಳಿ, ಊಟಕ್ಕೆ ಬನ್ನಿ" ಎಂದಳು. ಕ್ಷಮಿಸಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಇನ್ನೊಮ್ಮೆ ಕೇಳುವ ಧೈರ್ಯವಾಗಲಿಲ್ಲ.

ಈಗ ಶನಿವಾರ ಅಂಗಡಿಯನ್ನು ಬೇಗ ಮುಚ್ಚಿ ಬಂದು ಮರುದಿನದ ಅಡುಗೆ ನಾನೇ ಮಾಡಿಡುತ್ತೇನೆ. ಸಾರಿಗೆ ಉಪ್ಪು ಹೆಚ್ಚಾಗುತ್ತದೆ, ಒಮ್ಮೊಮ್ಮೆ ಹಾಕುವುದೇ ಮರೆಯುತ್ತದೆ. ಮೊದಮೊದಲು ಅವಳಿಗೆ ಕೂರಲು ಬರುತ್ತಿರಲಿಲ್ಲ. ಐದು ನಿಮಿಷಕ್ಕೊಮ್ಮೆ ಎದ್ದು ಒಳಗೆ ಹೋಗುತ್ತಿದ್ದಳು. ಏನು ಬೇಕು ಎಂದರೆ, "ಎಂತ ಇಲ್ಲ, ಸುಮ್ನೆ" ಎನ್ನುತ್ತಿದ್ದಳು. ನನ್ನ ಹಳೆಯ ಹಗುರತನವೂ ಮರಳಿ ಬರಲಿಲ್ಲ. ಅದು ಅವಳ ದುಡಿಮೆಯಿಂದ ಪಡೆದದ್ದಾಗಿತ್ತೇನೋ.

ಕಳೆದ ತಿಂಗಳ ಒಂದು ಭಾನುವಾರ ಊಟವಾದ ಮೇಲೆ ಅವಳು ಚಾಪೆಯ ಮೇಲೆ ಹಾಗೇ ಒರಗಿದವಳು ನಿದ್ದೆಹೋದಳು. ಕಿಟಕಿಯ ಬಿಸಿಲು ಮುಖಕ್ಕೆ ಬೀಳುತ್ತಿತ್ತು. ಪರದೆ ಎಳೆದು ಪಕ್ಕದಲ್ಲಿ ಕೂತೆ. ಮದುವೆಯಾದಂದಿನಿಂದ ಅವಳು ಹಗಲಲ್ಲಿ ನಿದ್ದೆ ಮಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ. ಬಾಯಿ ತುಸು ತೆರೆದಿತ್ತು. ಎಚ್ಚರವಾದೀತೆಂದು ನಾನು ಅಲ್ಲಾಡದೆ ಕೂತೇ ಇದ್ದೆ.