ಬೈಟು ಕಾಫಿ ಮತ್ತು ಪೂರ್ವಪಕ್ಷ

ನಿವೃತ್ತನಾದವನಿಗೆ ಜಯನಗರದಲ್ಲಿ ಎರಡು ದಾರಿಗಳಿವೆ: ಬೆಳಗ್ಗೆ ಪಾರ್ಕಿನಲ್ಲಿ ಗುಂಪು ಸೇರಿ ಕೈ ಮೇಲೆತ್ತಿ ಹೋ ಎಂದು ನಗುವುದು, ಇಲ್ಲವೇ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯಾಗಿ ಯಾವತ್ತೂ ನಗದೇ ಇರುವುದು. ಎರಡರಿಂದಲೂ ತಪ್ಪಿಸಿಕೊಳ್ಳಲು ನಾನು ವಿಶ್ವವಿದ್ಯಾಲಯದ ಸಂಜೆ ಕಾಲೇಜಿಗೆ ಬಿ.ಎ. ಸೇರಿದೆ. ಇಂಗ್ಲಿಷ್ ಸಾಹಿತ್ಯ ಮತ್ತು ತತ್ವಶಾಸ್ತ್ರ, ಎರಡೂ ಒಟ್ಟಿಗೆ. ಈ ಚಾರಿತ್ರಿಕ ನಿರ್ಧಾರವನ್ನು ಮನೆಯಲ್ಲಿ ಘೋಷಿಸಿದಾಗ ಹೆಂಡತಿ, "ಆಯ್ತು, ಬರ್ತಾ ಕೊತ್ತಂಬರಿ ಸೊಪ್ಪು ತನ್ನಿ" ಎಂದಳು.

ಇಂಗ್ಲಿಷ್ ಸಾಹಿತ್ಯ ನೆಲಮಹಡಿಯ ದೊಡ್ಡ ಹಾಲಿನಲ್ಲಿ. ಪದ್ಯದಲ್ಲೊಂದು ಕಿಟಕಿ ಬಂದರೆ ಅದು ಒಬ್ಬರಿಗೆ ಒಂಟಿತನ, ಇನ್ನೊಬ್ಬರಿಗೆ ಸ್ವಾತಂತ್ರ್ಯ, ಹಿಂದಿನ ಬೆಂಚಿಗೆ ಬರೀ ಗಾಳಿ. ಮೇಷ್ಟ್ರು ಎಲ್ಲದಕ್ಕೂ "ಇಂಟರೆಸ್ಟಿಂಗ್" ಎಂದು ತಲೆಯಾಡಿಸುತ್ತಾರೆ. ತತ್ವಶಾಸ್ತ್ರ ಮೇಲಿನ ಮಹಡಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕದ ಕೋಣೆಯಲ್ಲಿ. ಕೆಳಗೆ ಯಾವ ಉತ್ತರವೂ ತಪ್ಪಲ್ಲ, ಮೇಲೆ ಯಾವ ಉತ್ತರವೂ ಸರಿಯಲ್ಲ. ಮೆಟ್ಟಿಲ ಮೇಲೆ ತಲೆ ಬದಲಾಯಿಸಿಕೊಳ್ಳಬೇಕು. ಒಮ್ಮೆ ಮರೆತು, ಆತ್ಮ ಇದೆಯೇ ಎಂದು ತತ್ವಶಾಸ್ತ್ರದ ಮೇಡಂ ಕೇಳಿದ್ದಕ್ಕೆ, "ಅದು ಓದುಗರಿಗೆ ಬಿಟ್ಟಿದ್ದು" ಎಂದುಬಿಟ್ಟೆ.

ಮೇಡಂ ನಗಲಿಲ್ಲ. "ಯಾಕೆ ಹಾಗಂತೀರಿ?" ಎಂದು ಕೇಳಿ, ಉತ್ತರಕ್ಕಾಗಿ ಕಾದರು. ನಿಜವಾಗಿ ಕಾದರು! ಹಾಲು ತಂದ್ರಾ, ಗ್ಯಾಸ್ ಬುಕ್ ಮಾಡಿದ್ರಾ ಎಂದು ಕೇಳುವವರು ನನಗೆ ಬೇಕಾದಷ್ಟಿದ್ದರು. ಯಾಕೆ ಎಂದು ಕೇಳಿ ಕಾಯುವವರು ಆ ಟ್ಯಾಂಕಿನ ಪಕ್ಕ ಮಾತ್ರ ಇದ್ದರು.

ಆ ತರಗತಿಗೆ ನಾವು ಇಬ್ಬರೇ ವಿದ್ಯಾರ್ಥಿಗಳು. ಇನ್ನೊಬ್ಬಳು ಹುಬ್ಬಳ್ಳಿ ಕಡೆಯ ಹುಡುಗಿ, ಬಿ.ಟಿ.ಎಂ. ಬಡಾವಣೆಯಲ್ಲಿ ರೂಮು, ಅಲ್ಲೇ ಒಂದು ಆಫೀಸಿನಲ್ಲಿ ಕೆಲಸ. ನನ್ನನ್ನು ಕಾಕಾ ಅನ್ನುತ್ತಿದ್ದಳು. ಇಬ್ಬರಲ್ಲಿ ಒಬ್ಬರು ಬಿಟ್ಟರೂ ತರಗತಿ ಮುಚ್ಚುತ್ತದೆ, ಉಳಿದವರು ಮನಶ್ಶಾಸ್ತ್ರಕ್ಕೆ ಹೋಗಬೇಕು ಎಂಬುದು ಕಾಲೇಜಿನ ಕಟ್ಟಪ್ಪಣೆ. ವಿಷಯ ಬದಲಿಸಿಕೊಳ್ಳಲು ಮಾರನೇ ದಿನವೇ ಕೊನೆ ಎನ್ನುವಾಗ ಆಕೆ ಮೆಟ್ಟಿಲ ಬುಡದಲ್ಲಿ ಸಿಕ್ಕಿ ಅಂದಳು: "ಕಾಕಾ, ನಾ ಫಿಲಾಸಫಿ ಬಿಡಾಕತ್ತೀನ್ರಿ."

ಕ್ಲಾಸಿಗೆ ಇನ್ನೂ ಸಮಯವಿತ್ತು. ಎದುರಿನ ದರ್ಶಿನಿ ಹೋಟೆಲಿಗೆ ಕರೆದುಕೊಂಡು ಹೋಗಿ ಬೈಟು ಕಾಫಿ ಹೇಳಿದೆ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿಕೊಂಡವರು ಅದು ಮುಗಿಯುವ ತನಕವಾದರೂ ಜಗಳವಾಡುವುದಿಲ್ಲ ಎಂಬ ನಂಬಿಕೆಯಿಂದ.

ಇಲ್ಲಿ ನಾನೊಂದು ಘೋರ ತಪ್ಪು ಮಾಡಿದೆ. ಎದುರಾಳಿಯ ವಾದವನ್ನು, ಅಂದರೆ ಪೂರ್ವಪಕ್ಷವನ್ನು, ಅವರೇ ಹೌದು ಅನ್ನುವಷ್ಟು ಚೆನ್ನಾಗಿ ಹೇಳಿದ ಮೇಲೆಯೇ ಖಂಡಿಸಬೇಕೆಂದು ಮೇಡಂ ಕಲಿಸಿದ್ದರು. ನಾನು ವಿಧೇಯ ವಿದ್ಯಾರ್ಥಿ.

"ನೋಡಮ್ಮ, ಮೊದಲು ನಿನ್ನ ಪಕ್ಷ ನಾನೇ ಹೇಳ್ತೀನಿ. ದಿನವೆಲ್ಲ ಆಫೀಸಲ್ಲಿ ದುಡಿದು ಬರ್ತೀಯ. ಇಲ್ಲಿ ಇಬ್ಬರೇ ಇರೋದು, ಎರಡನೇ ಪ್ರಶ್ನೆ ನಿನಗೇ. ನಿದ್ದೆ ಮಾಡೋ ಹಾಗಿಲ್ಲ. ಪಕ್ಕದ ಮನಶ್ಶಾಸ್ತ್ರದಲ್ಲಿ ಫ್ಯಾನಿದೆ, ಗೆಳತಿಯರಿದ್ದಾರೆ, ಯಾರದ್ದೋ ಬರ್ತ್‌ಡೇ ಅಂತ ಕೇಕು ಕಟ್ ಮಾಡ್ತಾರೆ. ನಮ್ಮಲ್ಲಿ ಆತ್ಮಕ್ಕೆ ಹುಟ್ಟೇ ಇಲ್ಲ, ಇನ್ನು ಬರ್ತ್‌ಡೇ ಎಲ್ಲಿಂದ?"

"ಖರೇ ಐತ್ರಿ ಕಾಕಾ!"

ಅದೇ ಮೇಜಿನಲ್ಲಿ ನಿಂತು ಖಾರಾಬಾತ್ ತಿನ್ನುತ್ತಿದ್ದ ಅಪರಿಚಿತರೊಬ್ಬರು ಚಮಚ ಎತ್ತಿ, "ಸರಿಯಾಗ್ ಹೇಳಿದ್ರಿ ಸಾರ್, ಬಿಟ್‌ಬಿಡ್ಲಿ" ಎಂದರು.

ಈಗ ಖಂಡಿಸಬೇಕು. ಬಾಯಿ ತೆರೆದೆ. ತಲೆಗೆ ಬಂದದ್ದು ಒಂದೇ ಪ್ರಶ್ನೆ: ಈ ವಯಸ್ಸಿನಲ್ಲಿ ನಾನಾದರೂ ಫ್ಯಾನಿನ ಕೆಳಗೆ ಕೂತು ಕೇಕು ತಿನ್ನಬಾರದೇಕೆ? "ಹಾಗ್ ನೋಡಿದ್ರೆ ನಾನೂ ಬಿಡೋದೇ ಸರಿ" ಎಂದೆ.

"ಹಂಗ ನಡುವ ಬಿಡಾಕ ಬರಂಗಿಲ್ರಿ!" ಆಕೆಗೆ ಸಿಟ್ಟು ಬಂತು. ಆಕೆಯೂ ಮೇಡಂ ಶಿಷ್ಯೆಯೇ. "ನಿಮ್ಮ ಪಕ್ಷ ನಾ ಹೇಳ್ತೀನಿ, ಕೇಳ್ರಿ. ಮನ್ಯಾಗ ನಿಮಗ ಯಾರೂ ಯಾಕ ಅಂತ ಕೇಳಂಗಿಲ್ಲ. ಬರೇ ಅದ ತಗೊಂಡ್ ಬರ್ರಿ, ಇದ ತಗೊಂಡ್ ಬರ್ರಿ. ಮೇಡಂ ಒಬ್ರ ಕೇಳ್ತಾರ, ಕೇಳಿ ಕಾಯ್ತಾರ. ನನಗೂ ಆಫೀಸಿನ್ಯಾಗ..."

ಅಲ್ಲಿಗೆ ನಿಂತಳು. ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು.

"ನನಗೂ ಯಾರೂ ಕೇಳಂಗಿಲ್ರಿ" ಎಂದಳು. "ನಾ ಬಿಡೂದಿಲ್ಲ ತಗೋರಿ."

ಪರಿಸ್ಥಿತಿ ಗಂಭೀರವಾಯಿತು. ಬಿಡಲು ಬಂದವಳು ಉಳಿದಿದ್ದಳು, ಉಳಿಸಲು ಬಂದವನು ಕೇಕಿನ ಪಕ್ಷ ಸೇರಿದ್ದೆ. ಸೋಲನ್ನು ಶಾಸ್ತ್ರೋಕ್ತವಾಗಿಯೇ ಒಪ್ಪಬೇಕೆಂದು, "ಹಾಗಾದ್ರೆ ಮೊದಲು ನಿನ್ನ ಹೊಸ ಪೂರ್ವಪಕ್ಷವನ್ನ..." ಎಂದು ಶುರು ಮಾಡಿದೆ.

"ಪೂರ್ವಪಕ್ಷ ಸಾಕ್ರಿ ಕಾಕಾ. ಸುಮ್ನ ಬರ್ರಿ!"

ಅಷ್ಟು ಬಲವಾದ ಖಂಡನೆಯನ್ನು ನಾನು ಯಾವ ಪಠ್ಯದಲ್ಲೂ ಓದಿಲ್ಲ. ಸುಮ್ಮನೆ ಹಿಂದೆ ಹೊರಟೆ. ಖಾರಾಬಾತಿನವರು ಮಾತ್ರ, "ಅಲ್ಲಾ ಸಾರ್, ಈಗ ತಾನೇ ಬಿಡ್ತೀನಿ ಅಂದ್ರಿ" ಎಂದು ತತ್ವನಿಷ್ಠೆಯಿಂದ ಹಿಂದಿನಿಂದ ಕೂಗುತ್ತಿದ್ದರು.

ಏದುಸಿರು ಬಿಡುತ್ತ ಮಹಡಿ ಹತ್ತಿದೆವು. ಖಾಲಿ ಬೆಂಚುಗಳ ಎದುರು ಮೇಡಂ ಒಬ್ಬರೇ ಕೂತಿದ್ದರು. ಟ್ಯಾಂಕು ತುಂಬಿ ಹೊರಗೆ ಸುರಿಯುತ್ತಿತ್ತು.

"ಯಾಕೆ ತಡ?" ಎಂದರು. ಎಂದಿನಂತೆ, ಕೇಳಿ ಕಾದರು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನನ್ನ ಕಾರಣ ಅವಳು ಹೇಳಬೇಕೋ, ಅವಳ ಕಾರಣ ನಾನು ಹೇಳಬೇಕೋ ತಿಳಿಯಲಿಲ್ಲ.