ಬುಧವಾರದ ಡಬ್ಬಿ

ಫಿಜಿಯ ಲಂಬಾಸಾ ಊರಿನ ಹತ್ತಿರದ ನಮ್ಮ ಶಾಲೆಯಲ್ಲಿ ಜಗನಂದನ್ ಮಾಸ್ತರರಿಗೆ ಪೂರ್ವಗ್ರಹದ ಬಗ್ಗೆ ಪಾಠ ಹೇಳುವ ಕೆಲಸ ಸಿಕ್ಕಿದ್ದೇ ಸಿಕ್ಕಿದ್ದು, ಬುಧವಾರಗಳೆಲ್ಲ ಹಾಳಾದವು. ಅಂದು ಮಧ್ಯಾಹ್ನ ಭಾರತೀಯ ಮಕ್ಕಳ ರೊಟ್ಟಿ ನಮ್ಮ ಮೂಲ ಫಿಜಿ ಮಕ್ಕಳಿಗೆ, ನಮ್ಮವರ ಮರಗೆಣಸು ಅವರಿಗೆ ಹೋಗಲೇಬೇಕು. ಮಾಸ್ತರರು ಸೀಟಿ ಊದುವವರೆಗೆ ಯಾರೂ ಡಬ್ಬಿ ಮುಟ್ಟುವಂತಿಲ್ಲ. "ತಿರಸ್ಕಾರಕ್ಕೆ ಕಾರಣ ಏನು? ಗೊತ್ತಿಲ್ಲದಿರೋದು! ಪರಿಹಾರ ಏನು? ಒಟ್ಟಿಗೆ ಉಣ್ಣೋದು!" ಎಂದು ಗಂಟಲು ಹರಿಯುವಂತೆ ಹೇಳಿಸುತ್ತಾರೆ. ಒಂದನೇ ತರಗತಿಯಿಂದಲೂ ಈ ಮಕ್ಕಳು ಮಾವಿನ ಮರದ ಕೆಳಗೆ ದಿನಾ ಕಿತ್ತಾಡಿಕೊಂಡು ಊಟ ಬದಲಾಯಿಸುತ್ತಲೇ ಇದ್ದಾರೆ ಎಂದು ಪಕ್ಕದ ತರಗತಿಯ ಟೀಚರಾದ ನಾನು ಎಷ್ಟು ಬಡಿದುಕೊಂಡರೂ ಅವರ ಕಿವಿಗೆ ಬೀಳದು. ಈಗಂತೂ ಮಕ್ಕಳೂ ಪಳಗಿದ್ದಾರೆ. "ಸರ್, ಮೊದ್ಲು ರೊಟ್ಟಿ ಕಂಡ್ರೆ ನಂಗೆ ಅಸಹ್ಯ ಆಗ್ತಿತ್ತು, ಈಗ ಮನಸ್ಸು ಬದಲಾಯ್ತು" ಎಂದು ನಮ್ಮ ಹುಡುಗ ಆಪಿಸಾಯಿ ಮೂರನೇ ರೊಟ್ಟಿ ಅಗಿಯುತ್ತಲೇ ಇಲ್ಲದ ಪಾಪ ಒಪ್ಪಿಕೊಳ್ಳುತ್ತಾನೆ. ಮಾಸ್ತರರ ಕಣ್ಣು ತುಂಬುತ್ತದೆ. ಮಾದರಿಯಾಗಲೆಂದು ಅವರು ತಮ್ಮ ಬದನೆ ಪಲ್ಯವನ್ನು ನನಗೆ ಸುರಿದು, ನನ್ನ ಮನೆಯ ಮೀನನ್ನು ತಮ್ಮ ಡಬ್ಬಿಗೆ ಹಾಕಿಸಿಕೊಂಡು, ಎಲ್ಲರೆದುರು ಬೆರಳು ನೆಕ್ಕುತ್ತಾರೆ. ಕಳೆದ ಬುಧವಾರ ಶಾಲೆ ಬಿಟ್ಟ ಮೇಲೆ ನೋಡಿದರೆ, ನಲ್ಲಿಯ ಬಳಿ ಕುಕ್ಕರಗಾಲಲ್ಲಿ ಕೂತು ಆ ಡಬ್ಬಿಗೆ ನಿಂಬೆಹಣ್ಣು ಹಚ್ಚಿ ತಿಕ್ಕುತ್ತಿದ್ದರು. "ಮನೇಲಿ ನೀರಿಲ್ವಾ ಮಾಸ್ತರೇ?" ಎಂದೆ. "ನಿಮ್ಮನೆ ಊಟ ಅಂತ ಅಮ್ಮನಿಗೆ ಗೊತ್ತಾದ್ರೆ ಡಬ್ಬೀನೇ ಬಿಸಾಕ್ತಾಳೆ, ಲಿತಿಯಾ" ಎಂದರು, ತಲೆ ಎತ್ತದೆ. ಅಮ್ಮನಿಗೆ ಪಾಠ ಯಾವಾಗ ಎಂದು ಕೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವರು ಡಬ್ಬಿಯನ್ನು ಮೂಗಿಗೆ ಹಿಡಿದು ಮೂಸಿದರು, ಮತ್ತೆ ತಿಕ್ಕತೊಡಗಿದರು. "ಮುಚ್ಚಳಾನೂ ತಿಕ್ಕಿ" ಎಂದೆ, "ವಾಸನೆ ಉಳಿಯೋದು ಅಲ್ಲೇ."