ಸಕ್ಸಿನೇಟ್ ಆದ್ಮೇಲೆ ಏನಮ್ಮ

ಕಳೆದ ವಾರ ಒಂದು ಸಂಜೆ ಶಿವಮೊಗ್ಗದ ಬಸ್ ಸ್ಟ್ಯಾಂಡಿನ ಎದುರು ಗೋಬಿ ಮಂಚೂರಿ ಗಾಡಿಯ ಪಕ್ಕ ಆಟೋಗೆ ಕಾಯುತ್ತ ನಿಂತಿದ್ದೆ. ಗಾಡಿಯವನು ಕಾದ ಬಾಣಲೆಗೆ ವಿನೆಗರ್ ಸುರಿದ. ಹುಳಿ ಘಾಟು ಎದ್ದು ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ಬಂತು. ಅಷ್ಟು ಸಾಕಾಯಿತು. ಬಿ.ಎಸ್ಸಿ. ಓದಿದ ಕಾಲೇಜಿನ ಬಯೋಕೆಮಿಸ್ಟ್ರಿ ಲ್ಯಾಬು, ಅಲ್ಲಿ ಅಸಿಟಿಕ್ ಆಮ್ಲದ ಬಾಟಲಿ ತೆರೆದಾಗ ಬರುತ್ತಿದ್ದ ಇದೇ ವಾಸನೆ, ಆ ಬಾಟಲಿಯ ಮುಂದೆ ಮೂರು ವರ್ಷ ನನ್ನ ಪಕ್ಕದಲ್ಲಿ ನಿಂತಿದ್ದ ಮನುಷ್ಯ, ಎಲ್ಲ ಒಟ್ಟಿಗೇ ನೆನಪಾಯಿತು. ನೆನಪಿನ ಜೊತೆ ಮೊದಲು ಬಂದದ್ದು ಪ್ರೀತಿಯಲ್ಲ, ಹಳೆಯ ಕಿರಿಕಿರಿ.

ಕಾಲೇಜಿನ ಮೊದಲ ದಿನ ಅವರು ಕ್ಲಾಸಿನೊಳಗೆ ಬಂದಾಗ ನಾವೆಲ್ಲ ಎದ್ದು ನಿಂತು ಗುಡ್ ಮಾರ್ನಿಂಗ್ ಹೇಳಿದ್ದೆವು. ಗೀಟಿನ ಅಂಗಿಯನ್ನು ಒಳಗೆ ಸಿಕ್ಕಿಸಿ, ಜೇಬಿನಲ್ಲಿ ಎರಡು ಪೆನ್ನು ಇಟ್ಟುಕೊಂಡು, ಕಿವಿಯ ಮೇಲೆ ನಾಲ್ಕು ಬಿಳಿ ಕೂದಲಿದ್ದ ಮನುಷ್ಯ ಲೆಕ್ಚರರ್ ಅಲ್ಲದೆ ಇನ್ನೇನಾಗಿರಲು ಸಾಧ್ಯ? ಅವರು ಹಿಂದಕ್ಕೆ ತಿರುಗಿ ಯಾರು ಬಂದರೆಂದು ನೋಡಿದರು. ಯಾರೂ ಇರಲಿಲ್ಲ. ಮೆಲ್ಲಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತರು. ಅವತ್ತಿನಿಂದ ಕ್ಲಾಸಿಗೆಲ್ಲ ಅವರು ಅಂಕಲ್ ಆದರು. ನಾನು ಮಾತ್ರ ಅಣ್ಣ ಅನ್ನುತ್ತಿದ್ದೆ, ಏಕೆಂದರೆ ಲ್ಯಾಬಿನಲ್ಲಿ ನಮ್ಮ ರೋಲ್ ನಂಬರುಗಳು ಪಕ್ಕಪಕ್ಕ ಬಂದು ಒಂದೇ ಬೆಂಚಿಗೆ ಬಿದ್ದಿದ್ದೆವು. ಮೂರು ವರ್ಷ ಅಂಕಲ್ ಅಂಕಲ್ ಎನ್ನುತ್ತ ಪಿಪೆಟ್ ಕೇಳುವುದು ನನ್ನಿಂದಾಗುವ ಕೆಲಸವಾಗಿರಲಿಲ್ಲ.

ಅವರು ಭದ್ರಾವತಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅಲ್ಲಿನ ಒಂದು ಕಾರ್ಖಾನೆಯ ಟೆಸ್ಟಿಂಗ್ ರೂಮಿನಲ್ಲಿ ಹದಿನಾರು ವರ್ಷ ಕಾಂಟ್ರಾಕ್ಟ್ ಮೇಲೆ ಕೆಲಸ ಮಾಡಿದ್ದರು. ಕೆಲಸ ಕಡಿಮೆಯಾಗಿ ಕಾಂಟ್ರಾಕ್ಟಿನವರನ್ನು ಮನೆಗೆ ಕಳಿಸಿದಾಗ ಬೇರೆ ಲ್ಯಾಬುಗಳ ಬಾಗಿಲು ತಟ್ಟಿದರು. ಎಲ್ಲ ಕಡೆಯೂ ಮೊದಲು ಕೇಳಿದ್ದು ಡಿಗ್ರಿ ಸರ್ಟಿಫಿಕೇಟು. ಇದ್ದದ್ದು ಹಳೆಯ ಪಿಯುಸಿ ಮಾರ್ಕ್ಸ್ ಕಾರ್ಡ್ ಒಂದೇ. ಹೆಂಡತಿ ಹೊಲಿಗೆಯಿಂದ ಮನೆ ನಡೆಸುತ್ತೇನೆ ಎಂದರಂತೆ. ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಬಂದು ನಮ್ಮ ಜೊತೆ ಕೂತರು.

ಇಷ್ಟು ತಿಳಿದ ಮೇಲೆ ಯಾರಿಗಾದರೂ ಕರುಳು ಚುರ್ ಎನ್ನಬೇಕು. ನನಗೂ ಅಂದಿತು, ಮೊದಲ ವಾರ. ಆಮೇಲೆ ಪ್ರಾಕ್ಟಿಕಲ್ಸ್ ಶುರುವಾಯಿತು.

ದ್ರಾವಣವನ್ನು ಹನಿಹನಿಯಾಗಿ ಬಿಡುವ ಉದ್ದನೆಯ ಗಾಜಿನ ಬ್ಯೂರೆಟ್ಟೊಂದನ್ನು ಅವರು ಮೂರು ಸಲ ನೀರಿನಲ್ಲಿ, ಎರಡು ಸಲ ದ್ರಾವಣದಲ್ಲಿ ತೊಳೆಯುತ್ತಿದ್ದರು. ಬೆಳಕಿಗೆ ಹಿಡಿದು ನೋಡುತ್ತಿದ್ದರು. ಒಳಗೋಡೆಗೆ ಒಂದು ಹನಿ ಅಂಟಿಕೊಂಡಿದ್ದರೆ ಮತ್ತೆ ಮೊದಲಿಂದ. ಪಕ್ಕದ ಬೆಂಚಿನವರು ಎರಡನೇ ರೀಡಿಂಗ್ ಬರೆಯುವಾಗ ನಾವು ಇನ್ನೂ ನಲ್ಲಿಯ ಹತ್ತಿರ. ನನಗೋ ನಾಲ್ಕೂವರೆಗೆ ಹೊಳಲೂರಿನ ಬಸ್ಸು. ಅದು ತಪ್ಪಿದರೆ ಮನೆ ಮುಟ್ಟುವಾಗ ಕತ್ತಲು, ಅಮ್ಮನ ಮುಖವೂ ಕತ್ತಲು.

ಸಕ್ಕರೆಗಳನ್ನು ಹರಳಿನ ಆಕಾರದಿಂದ ಗುರುತಿಸುವ ಪ್ರಯೋಗವೊಂದಿತ್ತು. ಆ ಅಸಿಟಿಕ್ ಆಮ್ಲ ಬೇಕಾಗುತ್ತಿದ್ದದ್ದು ಅದಕ್ಕೇ. ಟ್ಯೂಬನ್ನು ಕುದಿಯುವ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ಆಮೇಲೆ ತಾನಾಗಿ ಆರಲು ಬಿಡಬೇಕು. ಎಲ್ಲರೂ ನಲ್ಲಿಯ ಕೆಳಗೆ ಹಿಡಿದು ಆರಿಸಿ, ಬಂದಷ್ಟು ನೋಡಿ, ಉಳಿದದ್ದನ್ನು ಪುಸ್ತಕ ನೋಡಿ ಬರೆದು ಹೊರಟರು. ಇವರು ಟ್ಯೂಬನ್ನು ಸ್ಟ್ಯಾಂಡಿನಲ್ಲಿಟ್ಟು ಕೈ ಕಟ್ಟಿ ಕೂತರು.

"ಅಣ್ಣಾ, ನೀರಿಗೆ ಹಿಡಿಯೋಣ. ನನ್ನ ಬಸ್ಸಿದೆ," ಅಂದೆ.

"ಅದು ಆಗೋ ಹೊತ್ತಿಗೆ ಆಗುತ್ತೆ ಕಣಮ್ಮ. ನಾವು ಅರ್ಜೆಂಟ್ ಮಾಡಿದ್ರೆ ಅದಕ್ಕೇನು ಗೊತ್ತಾಗುತ್ತೆ?"

ಐದು ಗಂಟೆಗೆ ನಮ್ಮ ಟ್ಯೂಬಿನಲ್ಲಿ ಹಳದಿ ಹರಳು ಕಟ್ಟಿತು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸಣ್ಣ ಸಣ್ಣ ಪೊರಕೆ ಕಟ್ಟುಗಳನ್ನು ಚೆಲ್ಲಿದ ಹಾಗೆ, ಪುಸ್ತಕದ ಚಿತ್ರಕ್ಕಿಂತ ಚೆಂದ. ಸಾರ್ ಬಂದು ನೋಡಿ, ಮರುದಿನ ಇಡೀ ಕ್ಲಾಸಿಗೆ ತೋರಿಸುತ್ತೇನೆಂದು ಸ್ಲೈಡನ್ನು ಎತ್ತಿಟ್ಟರು. ಅಣ್ಣ ನನ್ನ ಕಡೆ ನೋಡಿ ನಕ್ಕರು. ನಾನು ಬ್ಯಾಗು ಹೆಗಲಿಗೇರಿಸಿ ಓಡಿದೆ. ಬಸ್ಸು ಹೋಗಿ ಅರ್ಧ ಗಂಟೆಯ ಮೇಲಾಗಿತ್ತು.

ಕೈ ಅಷ್ಟು ಚೆನ್ನಾಗಿದ್ದ ಮನುಷ್ಯನಿಗೆ ಥಿಯರಿ ಮಾತ್ರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಅದರಲ್ಲೂ ಮೆಟಬಾಲಿಸಂ, ಅಂದರೆ ತಿಂದ ಅನ್ನ ದೇಹದೊಳಗೆ ಯಾವ ಯಾವ ರೂಪ ತಾಳಿ ಶಕ್ತಿಯಾಗುತ್ತದೆ ಎಂಬ ಪಾಠ. ಅದರ ನಡುವೆ ಎಂಟು ಹೆಸರುಗಳ ಒಂದು ಚಕ್ರ ಬರುತ್ತದೆ. ಸಿಟ್ರೇಟ್‌ನಿಂದ ಹೊರಟು ಸುತ್ತಿ ಮತ್ತೆ ಸಿಟ್ರೇಟ್‌ಗೆ ಬರಬೇಕು. ಅಣ್ಣ ಪ್ರತಿಸಲವೂ ಸಕ್ಸಿನೇಟ್‌ವರೆಗೆ ಬಂದು ನಿಲ್ಲುತ್ತಿದ್ದರು. ಬೆಳಿಗ್ಗೆ ಆರಕ್ಕೆಲ್ಲ ಫೋನ್ ಬರುತ್ತಿತ್ತು. ನಮ್ಮ ಮನೆಯಲ್ಲಿ ಆಗ ಇದ್ದದ್ದು ಅಪ್ಪನ ಫೋನೊಂದೇ.

"ನಿನ್ನ ಸಕ್ಸಿನೇಟಣ್ಣಂದು, ತಗೋ," ಎಂದು ಅಪ್ಪ ಕಾಫಿ ಲೋಟದ ಜೊತೆ ಫೋನನ್ನೂ ಕೊಡುತ್ತಿದ್ದರು.

"ಸಕ್ಸಿನೇಟ್ ಆದ್ಮೇಲೆ ಏನಮ್ಮ?"

"ಫ್ಯೂಮರೇಟ್ ಅಣ್ಣ. ನಿನ್ನೆನೂ ಹೇಳಿದ್ದೆ."

"ಹೇಳಿದ್ದೆ, ಹೇಳಿದ್ದೆ. ಬಸ್ಸು ಹತ್ತೋವರೆಗೂ ಇತ್ತು. ಇಳಿಯೋ ಹೊತ್ತಿಗೆ ಇಲ್ಲ."

ಇನ್ನೊಂದು ಮಾತನ್ನೂ ಹೇಳಲೇಬೇಕು, ಹೇಳಲು ನನಗಿಷ್ಟವಿಲ್ಲದಿದ್ದರೂ. ನನ್ನ ಕೈ ನಡುಗುತ್ತಿತ್ತು. ಲ್ಯಾಬಿನಲ್ಲಿ ಹನಿ ಬಿಡುವ ಕೆಲಸವೆಲ್ಲ ಅವರೇ ಮಾಡುತ್ತಿದ್ದುದರಿಂದ ಅದು ಯಾರಿಗೂ ಗೊತ್ತಾಗಿರಲಿಲ್ಲ. ಫೈನಲ್ ಪರೀಕ್ಷೆಯಲ್ಲಿ ಒಬ್ಬೊಬ್ಬರೇ ನಿಂತು ಮಾಡಬೇಕು, ಪ್ರಾಕ್ಟಿಕಲ್ಸ್ ಮಾರ್ಕ್ಸ್ ಹೋದರೆ ಎಂ.ಎಸ್ಸಿ. ಸೀಟು ಹೋದ ಹಾಗೇ. ಒಂದು ಶನಿವಾರ ಅವರು ಸಾರ್ ಹತ್ತಿರ ಲ್ಯಾಬಿನ ಬೀಗದ ಕೈ ಕೇಳಿ ತಂದು, ಬ್ಯೂರೆಟ್ಟಿಗೆ ಬರೀ ನೀರು ತುಂಬಿ ನನ್ನ ಮುಂದಿಟ್ಟರು. ಒಂದೊಂದೇ ಹನಿ ಬಿಡಬೇಕು, ಅಷ್ಟೇ. ಎರಡು ಹನಿ ಒಟ್ಟಿಗೆ ಬಿದ್ದರೆ ಮತ್ತೆ ತುಂಬಬೇಕು.

"ನೀರಲ್ಲಿ ಏನು ಕಲಿಯೋದು ಅಣ್ಣ?" ಎಂದು ರೇಗಿದೆ.

"ನೀರಲ್ಲಿ ತಪ್ಪಾದ್ರೆ ಯಾರಿಗೂ ನಷ್ಟ ಇಲ್ಲ. ಬಿಡು, ಹನಿ ಬಿಡು."

ಮೂರು ಗಂಟೆ ಬಿಟ್ಟೆ. ಕುತ್ತಿಗೆ ಹಿಡಿದುಕೊಂಡಿತು, ಮನಸ್ಸಿನಲ್ಲಿ ಅವರನ್ನು ಬೇಕಾದಷ್ಟು ಬೈದುಕೊಂಡೆ. ಹೀಗೆ ನಾಲ್ಕು ಶನಿವಾರ. ಪರೀಕ್ಷೆಯ ದಿನ ನನ್ನ ಕೈ ನಡುಗಲಿಲ್ಲ. ಅದಕ್ಕೆ ಅವರಿಗೊಂದು ಥ್ಯಾಂಕ್ಸ್ ಹೇಳಿದೆನೋ ಇಲ್ಲವೋ... ನೆನಪಾಗುತ್ತಿಲ್ಲ. ನೆನಪಾಗುತ್ತಿಲ್ಲ ಎಂದರೆ ಹೇಳಿರಲಿಕ್ಕಿಲ್ಲ.

ಥಿಯರಿ ಪರೀಕ್ಷೆಗೆ ಮುಂಚೆ, ಇವರನ್ನು ಹೇಗಾದರೂ ದಡ ಮುಟ್ಟಿಸಬೇಕೆಂದು ಅಮ್ಮನನ್ನು ಕರೆದುಕೊಂಡು ಭದ್ರಾವತಿಗೆ ಹೋದೆ. ಎರಡು ಕೋಣೆಯ ಬಾಡಿಗೆ ಮನೆ. ಅಡುಗೆಮನೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಆ ಚಕ್ರವನ್ನು ದೊಡ್ಡದಾಗಿ ಬರೆದಿದ್ದರು. ಒಗ್ಗರಣೆಯ ಎಣ್ಣೆ ಸಿಡಿದು ಸಿಟ್ರೇಟ್ ಅರ್ಧ ಅಳಿಸಿತ್ತು. ನಾನು ಪ್ರಶ್ನೆ ಕೇಳುತ್ತ ಹೋದೆ. ಅಣ್ಣ ಚಾಪೆಯ ಮೇಲೆ ಕೂತು ಕಣ್ಣು ಮುಚ್ಚಿ ಹೇಳುತ್ತ ಬಂದು, ವಾಡಿಕೆಯಂತೆ ಸಕ್ಸಿನೇಟ್ ಹತ್ತಿರ ನಿಂತರು.

"ಫ್ಯೂಮರೇಟ್," ಅಂದಳು ಮೂಲೆಯಲ್ಲಿ ಹೋಮ್‌ವರ್ಕ್ ಬರೆಯುತ್ತಿದ್ದ ಅವರ ಮಗಳು, ಪುಸ್ತಕದಿಂದ ತಲೆ ಎತ್ತದೆ. ಅವಳಾಗ ಏಳನೇ ಕ್ಲಾಸು.

"ಅದಾದ್ಮೇಲೆ ಮ್ಯಾಲೇಟ್ ರೀ," ಎಂದು ಹೊಲಿಗೆ ಮಿಷನ್ನಿನ ಹತ್ತಿರದಿಂದ ಅವರ ಹೆಂಡತಿ ಕೂಗಿದರು. "ಒಂದು ವರ್ಷದಿಂದ ಕೇಳಿ ಕೇಳಿ ನಮಗೇ ಬಾಯಿಪಾಠ ಆಗಿದೆ. ಇವ್ರಿಗೊಬ್ರಿಗೆ ಬರಲ್ಲ ನೋಡಿ."

ಅಮ್ಮ ನಕ್ಕುಬಿಟ್ಟಳು. ಎಲ್ಲರೂ ನಕ್ಕೆವು. ಅಣ್ಣ ಎಲ್ಲರಿಗಿಂತ ಹೆಚ್ಚು ನಕ್ಕರು.

ರಿಸಲ್ಟ್ ಬಂದಾಗ ಅವರಿಗೆ ಪ್ರಾಕ್ಟಿಕಲ್ಸ್‌ನಲ್ಲಿ ಕ್ಲಾಸಿಗೇ ಹೆಚ್ಚು ಮಾರ್ಕ್ಸ್, ಉಳಿದ ಪೇಪರುಗಳಲ್ಲಿ ಪಾಸು, ಮೆಟಬಾಲಿಸಂ ಒಂದರಲ್ಲಿ ಫೇಲು. ನಾನು ಎಂ.ಎಸ್ಸಿ.ಗೆ ಹೋದೆ. ಅವರು ಮತ್ತೆ ಕಟ್ಟಿದರು, ಮತ್ತೆ ಫೇಲಾದರು. ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಬೆಳಿಗ್ಗೆ ಆರಕ್ಕೆ ಅದೇ ಫೋನು, ಅದೇ ಸಕ್ಸಿನೇಟು. ಈಗ ಫೋನು ನನ್ನದೇ ಆಗಿತ್ತು, ಕೊಡಲು ಅಪ್ಪ ಬೇಕಿರಲಿಲ್ಲ. ಎಷ್ಟೋ ಸಲ ರಿಂಗಾಗಿ ನಿಲ್ಲಲಿ ಎಂದು ಬಿಟ್ಟಿದ್ದೇನೆ.

ಮೂರನೇ ಸಲ ಕಟ್ಟಿದ್ದಾಗ ನನಗೂ ಪರೀಕ್ಷೆ. ಓದಿದ್ದು ಯಾವುದೂ ಹತ್ತುತ್ತಿಲ್ಲವೆಂದು ತಲೆ ಕೆಟ್ಟು ಕೂತಿದ್ದೆ. ಫೋನ್ ಬಂತು. ಅವರು ಪೂರ್ತಿ ಕೇಳುವ ಮೊದಲೇ ಹೇಳಿದೆ.

"ಅಣ್ಣಾ, ನಿಮಗೆ ಇದು ಆಗೋದಲ್ಲ. ಬಿಟ್ಬಿಡಿ. ನಿಮಗೂ ಸುಮ್ನೆ ಕಷ್ಟ, ಎಲ್ರಿಗೂ ಕಷ್ಟ."

ಆ ಕಡೆ ಹೊಲಿಗೆ ಮಿಷನ್ನಿನ ಸದ್ದು ಮಾತ್ರ ಕೇಳುತ್ತಿತ್ತು.

"ಸರಿ ಕಣಮ್ಮ," ಅಂದರು. "ನೀನು ಓದ್ಕೋ."

ಮತ್ತೆ ಫೋನ್ ಬರಲಿಲ್ಲ. ನಿಜ ಹೇಳುತ್ತೇನೆ, ಮೊದಲ ಕೆಲವು ತಿಂಗಳು ನನಗೆ ಹಾಯೆನಿಸಿತ್ತು. ಆಮೇಲೆ ಪರೀಕ್ಷೆ, ಕೆಲಸ, ಮದುವೆ... ನಾನೇ ಫೋನ್ ಮಾಡಿದರಾಯಿತು, ನಾಳೆ ಮಾಡಿದರಾಯಿತು ಎಂದು ಏಳೆಂಟು ವರ್ಷ ಹೋಯಿತು.

ಗೋಬಿ ಗಾಡಿಯ ಪಕ್ಕ ನಿಂತೇ ಅವರ ಹಳೆಯ ನಂಬರಿಗೆ ಫೋನ್ ಮಾಡಿದೆ. ಆ ನಂಬರು ಚಾಲ್ತಿಯಲ್ಲಿಲ್ಲ ಎಂದಿತು. ಭಾನುವಾರ ಭದ್ರಾವತಿಯ ಬಸ್ಸು ಹತ್ತಿದೆ. ಮನೆ ಅದೇ ಇತ್ತು. ಬಾಗಿಲು ತೆರೆದ ಅವರ ಹೆಂಡತಿ ನನ್ನನ್ನು ಗುರುತಿಸಲು ಒಂದು ಗಳಿಗೆ ತೆಗೆದುಕೊಂಡರು. ಅವರ ಹಿಂದೆ ಗೋಡೆಯ ಮೇಲೆ ಅಣ್ಣನ ಫೋಟೋ ಇತ್ತು, ಅದಕ್ಕೆ ಗಂಧದ ಹಾರ.

ಎರಡು ವರ್ಷವಾಯಿತಂತೆ. ಕೆಲಸದಿಂದ ಬಂದವರು ಎದೆ ಉರಿ ಎಂದು ಮಲಗಿದ್ದರು, ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮುಗಿದಿತ್ತು.

"ಕೆಲಸದಿಂದ?" ಎಂದು ಕೇಳಿದೆ.

"ಹೂಂ. ನೀರು ಟೆಸ್ಟ್ ಮಾಡೋ ಲ್ಯಾಬಲ್ಲಿ ಸೇರಿದ್ರಲ್ಲ. ನಿಮಗೆ ಗೊತ್ತಿಲ್ವ? ಪಾಸಾದ್ರಲ್ಲ, ಮೂವತ್ತಾರು ಮಾರ್ಕ್ಸ್. ಮಗಳೇ ಕೂರಿಸ್ಕೊಂಡು ಹೇಳಿಕೊಟ್ಳು. ಅವಳು ಆಮೇಲೆ ಕಾಮರ್ಸ್ ತಗೊಂಡ್ಳು, ಆ ಚಕ್ರದ ಸಹವಾಸ ಸಾಕು ಅಂತ."

"ನನಗೊಂದು ಫೋನ್ ಮಾಡಬಹುದಿತ್ತಲ್ಲ ಅಕ್ಕ, ಪಾಸಾದಾಗ."

"ನಾನೂ ಹಾಗೇ ಅಂದೆ. ಬೇಡ, ಅದು ಓದ್ತಾ ಇರುತ್ತೆ, ತೊಂದರೆ ಯಾಕೆ ಅಂದ್ರು. ಸರ್ಟಿಫಿಕೇಟ್ ಬಂದ ದಿನ ಪುನಃ ಅಂದೆ. ಆಗಲೂ ಬೇಡ ಅಂದ್ರು." ಕಾಫಿ ಲೋಟ ನನ್ನ ಮುಂದಿಟ್ಟು ಕೂತರು. "ನಿಮ್ಮ ಮೇಲೆ ಬೇಜಾರೇನೂ ಇರ್ಲಿಲ್ಲ ಅವ್ರಿಗೆ. ಆ ಹುಡುಗಿ ಪಾಪ, ಎಷ್ಟು ಸಲ ಅಂತ ಹೇಳುತ್ತೆ ಅನ್ನೋರು."

ಕಾಫಿ ಕುಡಿದೆನೋ ಬಿಟ್ಟೆನೋ ತಿಳಿಯಲಿಲ್ಲ. ಅಕ್ಕ ಬಸ್ಸಿನವರೆಗೂ ಬಂದು ಹತ್ತಿಸಿದರು. ಶಿವಮೊಗ್ಗ ಬರುವವರೆಗೂ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ.

ಬೇಜಾರು ಮಾಡಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು. ಪಾಸಾದ ದಿನ ಫೋನ್ ಮಾಡಿ, ನೋಡು, ನನ್ನ ಕೈಲಾಗಲ್ಲ ಅಂದಿದ್ದೆಯಲ್ಲ ಎಂದು ಒಂದು ಮಾತು ಬೈದಿದ್ದರೆ, ನಾನೂ ತಪ್ಪಾಯ್ತು ಅಣ್ಣ ಎನ್ನುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಅಷ್ಟಕ್ಕೂ ಅವಕಾಶ ಕೊಡದೆ, ನನಗೆ ತೊಂದರೆಯಾದೀತು ಎಂದು ಸುಮ್ಮನಿದ್ದು ಹೋದರಲ್ಲ... ಇಂಥ ಮನುಷ್ಯನ ಜೊತೆ ಏನು ಮಾಡುವುದು? ಮೂರು ದಿನದಿಂದ ಅವರ ಮೇಲೆ ಸಿಟ್ಟು ಮಾಡಿಕೊಂಡೇ ಓಡಾಡುತ್ತಿದ್ದೇನೆ. ಬೆಳಿಗ್ಗೆ ಆರಕ್ಕೆ ಎಚ್ಚರವಾಗುತ್ತದೆ. ಮನೆಯಲ್ಲಿ ಇನ್ನೂ ಯಾರೂ ಎದ್ದಿರುವುದಿಲ್ಲ.